ಕಲ್ಲಮ್ಮನ ಮೊದಲ ಎಲೆ

ಕೊಪ್ಪದಲ್ಲಿ ನಿಲುವುಗನ್ನಡಿ, ಗೋಡೆ ಗಡಿಯಾರ, ಬೆತ್ತದ ಕುರ್ಚಿ ಇಟ್ಟ ಹೋಟೆಲನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಖ ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುವ ಜನ ಅವರು. ನನ್ನದು ಏಲಕ್ಕಿ ವ್ಯಾಪಾರ. ಒಂದು ಕಾಲು ಕುಂಟಾದ್ದರಿಂದ ಎಲ್ಲಿಗೆ ಹೋಗುವುದಿದ್ದರೂ ಬಸ್ಸೇ ಗತಿ. ನರಸಿಂಹರಾಜಪುರದಿಂದ ಬಾಳೆಹೊನ್ನೂರು, ಜಯಪುರದ ಮೇಲೆ ಕೊಪ್ಪಕ್ಕೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಆ ದಾರಿಯಲ್ಲಿ ಯಾವ ಮೂಲೆಯಲ್ಲಿ ಏನು ರುಚಿ ಎಂಬುದು ನನಗೆ ಬಾಯಿಪಾಠ. ಕಲ್ಲಮ್ಮನ ಗುಡಿಸಲಿನ ಮುಂದೆ ಉಳಿದವೆಲ್ಲ ಸಪ್ಪೆ.

ಅದನ್ನು ನಮಗೆ ತೋರಿಸಿಕೊಟ್ಟದ್ದು ಯುದ್ಧ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಜಯಪುರ ಇನ್ನೂ ದೂರವಿರುವಾಗಲೇ ಒಂದು ಏರಿನಲ್ಲಿ ನಮ್ಮ ಬಸ್ಸು ದಮ್ಮು ಕಟ್ಟಿ ನಿಲ್ಲುತ್ತಿತ್ತು. ಹಿಂದಿನ ಡ್ರಮ್ಮಿಗೆ ಇದ್ದಿಲು ತುಂಬಿ, ಗಾಳಿ ಹಾಕಿ, ಗ್ಯಾಸು ಏಳುವ ತನಕ ಜನ ಕೆಳಗಿಳಿದು ಡ್ರೈವರ್ ರೇಣುಕಪ್ಪನನ್ನು ಬೈಯುತ್ತಿದ್ದರು. ಗಾಡಿ ಹೊಡೆಯುತ್ತಿದ್ದ ಗಂಡ ಸತ್ತ ಮೇಲೆ ಆ ಏರಿನ ಪಕ್ಕದಲ್ಲಿ ಒಬ್ಬಳೇ ಇದ್ದ ಕಲ್ಲಮ್ಮ ಇದನ್ನು ನೋಡಿ ನೋಡಿ ಒಂದು ದಿನ ಕಡುಬು ಬೇಯಿಸಿದಳು. ಬೋರ್ಡಿಲ್ಲ, ಬೆಂಚಿಲ್ಲ. ಸಾರಿಸಿದ ನೆಲ, ಬಾಳೆ ಎಲೆ. ಬಿಸಿ ಕಡುಬು, ಹಲಸಿನ ಬೀಜದ ಸಾರು, ಸೂಜಿಮೆಣಸು ಅರೆದ ಕಾಯಿ ಚಟ್ನಿ. ಉಂಡೆದ್ದ ಮೇಲೆ ಯಾರೂ ರೇಣುಕಪ್ಪನನ್ನು ಬೈಯಲಿಲ್ಲ. ಶೃಂಗೇರಿಗೆ ಹೊರಟ ಮಡಿವಂತರು ಮಾತ್ರ ಬಾಳೆಹಣ್ಣು ಕೊಂಡು, ಕಡುಬಿನ ವಾಸನೆ ಬರುವ ಕಡೆಗೇ ಮುಖ ಮಾಡಿ ತಿನ್ನುತ್ತಿದ್ದರು.

ಮೊದಲ ಎಲೆ ರೇಣುಕಪ್ಪನದು. ಅದಕ್ಕೆ ಕಾಸಿಲ್ಲ. ಬಸ್ಸು ನಿಲ್ಲಿಸುವ ಡ್ರೈವರಿಗೆ ದಾರಿಯ ಹೋಟೆಲಿನವರೆಲ್ಲ ಪುಕ್ಕಟೆ ಹಾಕುವುದು ಇದ್ದದ್ದೇ, ಇದೂ ಹಾಗೇ ಎಂದು ಅವನೂ ತಿಳಿದ, ನಾವೂ ತಿಳಿದೆವು. ಎಲೆ ಹಾಸಿದ ಮೇಲೆ ಕಲ್ಲಮ್ಮ ಹೊಸ್ತಿಲಿಗೆ ಬಂದು ರಸ್ತೆಗೆ ಮುಖ ಮಾಡಿ, "ಹಸಿದೋರು ಇದ್ರೆ ಬನ್ರಪ್ಪಾ" ಎಂದು ಕೂಗುತ್ತಿದ್ದಳು. ಅದು ವ್ಯಾಪಾರದ ಕೂಗು ಎಂದುಕೊಂಡಿದ್ದೆವು.

ಯುದ್ಧ ಮುಗಿದು ಪೆಟ್ರೋಲು ಬಂತು. ಡ್ರಮ್ಮು ಕಳಚಿದ ಬಸ್ಸು ಆ ಏರನ್ನು ಒಂದೇ ದಮ್ಮಿಗೆ ಹತ್ತತೊಡಗಿತು. ನಡುದಾರಿಯಲ್ಲಿ ನಿಲ್ಲಿಸಿದರೆ ಕೆಲಸದಿಂದ ತೆಗೆಯುತ್ತೇನೆಂದು ಮಾಲೀಕ ಹೇಳಿಬಿಟ್ಟ. ಕಿಟಕಿಯಿಂದ ನೋಡಿದರೆ ಕಲ್ಲಮ್ಮನ ಒಲೆಯ ಹೊಗೆ ಎಂದಿನಂತೆ ಏಳುತ್ತಿತ್ತು. ಪಾಪ, ಮಾರಾಟವಿಲ್ಲ ಎಂದು ನಾವು ಮರುಗಿ ಮುಂದೆ ಹೋಗುತ್ತಿದ್ದೆವು.

ಒಂದು ದಿನ ಏರಿನ ನೆತ್ತಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಕಲ್ಲಮ್ಮ ಓಡಿ ಬಂದು ರೇಣುಕಪ್ಪನ ಕೈ ಹಿಡಿದು ಕರೆದೊಯ್ದಳು. ಹಿಂದೆಯೇ ನಾನೂ ಹೋದೆ. ಅವಳ ಕೆನ್ನೆ ಒಳಕ್ಕೆ ಹೋಗಿತ್ತು. ಅವನು ಉಂಡು ಏಳುವುದೇ ತಡ, ಅವಳು ಒಲೆಯ ಹಿಂದೆ ಕೂತು ಗಬಗಬನೆ ನುಂಗತೊಡಗಿದಳು. ನೆತ್ತಿಗೆ ಹತ್ತಿತು. ನೀರು ಕೊಟ್ಟು ರೇಣುಕಪ್ಪ ಏನಾಯಿತೆಂದು ಕೇಳಿದ.

"ಮೊನ್ನೆಯಿಂದ ಉಂಡಿಲ್ಲ ಮಾರಾಯ" ಎಂದಳು. "ಒಬ್ರಿಗೆ ಉಣ್ಸದೆ ನಾ ಉಣ್ಣೋದಿಲ್ಲ. ದಾರಿಹೋಕರು ಸಿಕ್ಕ ದಿನ ಉಂಟು, ಇಲ್ದಿದ್ರೆ ಇಲ್ಲ. ನಮ್ಮಪ್ಪ ಜಂಗಮರನ್ನ ಕರೆದು ಉಣ್ಸಿದ ಮೇಲೇ ಉಣ್ತಿದ್ದ. ಈ ಕಾಡಿಗೆ ಯಾವ ಜಂಗಮ ಬರ್ತಾನೆ? ನೀ ಬಂದೆ."

ರೇಣುಕಪ್ಪನೂ ಕೊರಳಲ್ಲಿ ಲಿಂಗ ಕಟ್ಟಿದವನೇ, ಆದರೂ ಅವನಿಗೆ ಇದು ಹೊಳೆದಿರಲಿಲ್ಲ. ಅಷ್ಟು ವರ್ಷ ಆ ಎಲೆಯ ಮುಂದೆ ಕೂತು, ಡ್ರೈವರನ ಗತ್ತಿನಲ್ಲಿ ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದು ಹುಳುಕು ತೆಗೆದಿದ್ದ. ಅವನ ಮುಖ ಕಪ್ಪಿಟ್ಟಿತು. ನನಗೂ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನದಿಂದ ನಮ್ಮ ಬಸ್ಸಿಗೆ ಆ ಏರಿನಲ್ಲಿ ರೋಗ ಶುರುವಾಯಿತು. ಇಂಜಿನ್ ಕಾದಿದೆ ಎಂದು ರೇಣುಕಪ್ಪ ಬಾನೆಟ್ಟು ಎತ್ತಿಟ್ಟು ಗುಡಿಸಲಿಗೆ ಹೋಗುತ್ತಿದ್ದ. ತಣ್ಣಗಿರುವ ಇಂಜಿನ್ನಿಗೆ ನೀರು ಹೊಯ್ಯುವುದನ್ನು ನೋಡಿಯೂ ನಾವು ತುಟಿ ಬಿಚ್ಚಲಿಲ್ಲ. ಆದರೆ ಬಸ್ಸು ತಡವಾಗಿ ಕೋರ್ಟು ತಪ್ಪಿದ ಯಾರೋ ವಕೀಲರು ಮಾಲೀಕನಿಗೆ ದೂರಿದರು. ಮೆಕ್ಯಾನಿಕ್ ಬಂದು ನೋಡಿ, ಏನೂ ಕೆಟ್ಟಿಲ್ಲ ಎಂದ. ಅದೇ ದಿನ ರೇಣುಕಪ್ಪನ ಕೆಲಸ ಹೋಯಿತು.

ಮುಂದಿನದನ್ನು ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನೇ ನನಗೆ ಹೇಳಿದ. ಗಂಟು ಹಿಡಿದು ತರೀಕೆರೆಗೆ ಲಾರಿ ಕೆಲಸಕ್ಕೆ ಹೊರಟು ನಿಂತಿದ್ದ. ಹಿಂದಿನ ದಿನ ನಡೆದುಕೊಂಡೇ ಕಲ್ಲಮ್ಮನಲ್ಲಿಗೆ ಹೋಗಿ, ಎಲೆಗೆ ಕೈ ಮುಗಿದು ಉಂಡನಂತೆ. ಹೊರಡುವ ಸುದ್ದಿ ಹೇಳಿ, "ಅಕ್ಕಾ, ನಿಮ್ಮ ಕಾಲು ಹಿಡೀತೀನಿ, ನಾಳೆಯಿಂದ ನೀವೇ ಮೊದ್ಲು ಉಣ್ಣಿ" ಎಂದನಂತೆ.

"ಕೂತು ನೋಡಿದೀನಿ ಕಣೋ. ಗಂಟಲಲ್ಲಿ ಇಳಿಯೋದಿಲ್ಲ" ಎಂದಳಂತೆ. ಆಮೇಲೆ, "ನಾಳೆ ಯಾರು ಬರ್ತಾರೆ, ರೇಣುಕಪ್ಪ?"

ಇದನ್ನು ಹೇಳುತ್ತ ಅವನು ಅತ್ತ.

ಮುಂದಿನ ವಾರ ನಾನು ಬಸ್ಸಿನಲ್ಲಿದ್ದೆ. ಉಳಿದವರೆಲ್ಲ ಹೊಸಬರು. ಏರು ಶುರುವಾಗುತ್ತಲೇ ನಿಲ್ಲಿಸಪ್ಪಾ ಎಂದು ಹೊಸ ಡ್ರೈವರನನ್ನು ಬೇಡಿದೆ, ಬೈದೆ, ಸೀಟಿನ ಕಂಬಿಯನ್ನು ಕೋಲಿನಿಂದ ಬಡಿದೆ. ಮಾಲೀಕರ ಹುಕುಂ ಇಲ್ಲ ಎಂದ. ಕಲ್ಲಮ್ಮ ಬಾಗಿಲ ಕಂಬ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅಡ್ಡ ಬಂದಾಳೆಂದು ಡ್ರೈವರ್ ಉದ್ದಕ್ಕೂ ಹಾರ್ನ್ ಒತ್ತಿದ. ಆ ಸದ್ದಿನಲ್ಲಿ ಅವಳ ಬಾಯಿ ಆಡುವುದಷ್ಟೇ ಕಂಡಿತು. ಅವಳು ಏನು ಕೂಗುತ್ತಿದ್ದಾಳೆಂದು ಆ ಬಸ್ಸಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.