ನನ್ನ ಪಾಲಿನ ಕೆಂಡದ ಗಡಿಗೆ

ಮುಂಗಾರಿನ ಮೊದಲ ಮಿರಗ ಮಳೆ ಹುಟ್ಟುವ ಮುಂಚೆ ನಮ್ಮ ಅತ್ತೆ ಮನೆಮಂದಿಯನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಪಾಲು ಹಂಚುತ್ತಿದ್ದರು. ಆಸ್ತಿಯ ಪಾಲಲ್ಲ, ಕೆರೆ ಒಡೆದರೆ ಯಾರು ಏನನ್ನು ಎತ್ತಿಕೊಂಡು ಓಡಬೇಕು ಎನ್ನುವ ಪಾಲು. ಹಾನಗಲ್ಲ ಸೀಮೆಯ ಆ ಊರಿನಲ್ಲಿ ನಮ್ಮ ಓಣಿ ಕೆರೆಯ ಏರಿಯ ಕೆಳಗೇ ಇತ್ತು. ಬಾಗಿಲಲ್ಲಿ ನಿಂತು ಕತ್ತೆತ್ತಿದರೆ ಏರಿಯ ಮೇಲೆ ಹೋಗುವ ಎತ್ತುಗಳ ಕಾಲು ಕಾಣುತ್ತಿದ್ದವು. ಮಾವನಿಗೆ ಹಿಂಗಾರಿ ಬೀಜದ ಚೀಲ, ನಮ್ಮ ಮನೆಯವರಿಗೆ ಎತ್ತು ಎಮ್ಮೆ, ನಾದಿನಿಗೆ ಹಿಟ್ಟಿನ ಡಬ್ಬಿ ಮತ್ತು ಉಪ್ಪು. ಹೊಸದಾಗಿ ಬಂದ ಸೊಸೆ ನನಗೆ ಕೆಂಡದ ಗಡಿಗೆ.

ಕೆಂಡದ ಗಡಿಗೆ ಅಂದರೆ ಸಣ್ಣ ಮಾತಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಮನೆಯ ಒಲೆ ಒಮ್ಮೆಯೂ ಆರಿರಲಿಲ್ಲವಂತೆ. ರಾತ್ರಿ ಸಗಣಿಯ ಕುಳ್ಳು ಇಟ್ಟು ಬೂದಿ ಮುಚ್ಚಿದರೆ ಬೆಳಗ್ಗೆ ಊದಿದ ಕೂಡಲೇ ಬೆಂಕಿ ಏಳುತ್ತಿತ್ತು. ಯುದ್ಧದ ಕಾಲವದು, ಕಡ್ಡಿಪೆಟ್ಟಿಗೆ ಸಿಗುವುದೇ ದುರ್ಲಭ. ಓಣಿಯ ಹೆಂಗಸರು ನಮ್ಮಲ್ಲಿಗೆ ಬೆಂಕಿ ಕೇಳಲು ಬರುತ್ತಿದ್ದರು, ನಾವು ಯಾರ ಮನೆಗೂ ಕೇಳಲು ಹೋದವರಲ್ಲ. ಅತ್ತೆಯ ಗತ್ತು ಕೇಳಬೇಕೆ!

ನಾನೋ ಯಲವಿಗಿ ಕಡೆಯವಳು. ಎರೆ ಹೊಲ, ಮಣ್ಣಿನ ಮಾಳಿಗೆ, ಹೊತ್ತು ತಂದರೆ ನೀರು. ನಮ್ಮಲ್ಲಿ ಹೆದರಿಕೆಯೆಲ್ಲ ಬೆಂಕಿಯದು. ಬೇಸಿಗೆಯಲ್ಲಿ ಗಾಳಿ ಎದ್ದಿತೆಂದರೆ ಒಲೆ ಆರಿಸಬೇಕು, ಬಣವೆಯ ಹತ್ತಿರ ಕೊಡ ತುಂಬಿಡಬೇಕು. ಇಲ್ಲಿ ನೋಡಿದರೆ ಬೆಂಕಿಯನ್ನೇ ಕೂಸಿನ ಹಾಗೆ ಎತ್ತಿಕೊಂಡು ಓಡಬೇಕಂತೆ! ಮೊದಲ ವರ್ಷ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಏನ ಹಲ್ಲ ಕಿಸಿಯಾಕತ್ತೀ? ನೀರ ಬಂದ ಮ್ಯಾಲ ಒಡ್ಡ ಹಾಕಾಕ ಬರ್ತೈತೇನ? ನಡೀ, ಒಮ್ಮೆ ಓಡಿ ತೋರಸು" ಎಂದರು ಅತ್ತೆ.

ಹೌದು, ಓಡಿಯೇ ತೋರಿಸಬೇಕಿತ್ತು. ಊರ ಮೇಲಿನ ದಿಬ್ಬದಲ್ಲಿದ್ದ ಬಸವಣ್ಣನ ಗುಡಿಯವರೆಗೆ ಮೆರವಣಿಗೆಯ ಹಾಗೆ ನಾವೆಲ್ಲ ಹೋಗುವುದು, ಕಟ್ಟೆಯ ಮೇಲೆ ಕುಳಿತವರು "ಏನವಾ, ಇವತ್ತ ಒಡೀತೇನ ಕೆರಿ?" ಎಂದು ಕೇಳುವುದು. ನಾಚಿಕೆಯಿಂದ ನನ್ನ ಜೀವ ಹಿಡಿಯಷ್ಟಾಗುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ ಆ ದಿನಗಳು ನನಗೆ ಸೇರುತ್ತಿದ್ದವು. ಕುಳ್ಳು ಕಟ್ಟಿಗೆ ಅಟ್ಟಕ್ಕೆ ಏರುತ್ತಿದ್ದವು, ಒಂದೇ ಜಗ್ಗಿಗೆ ಬಿಚ್ಚುವಂತೆ ದನಗಳ ಹಗ್ಗಕ್ಕೆ ಜಾರುಗಂಟು ಬೀಳುತ್ತಿತ್ತು, ಸಂಜೆ ಗೋದಿ ಹುಗ್ಗಿ ಆಗುತ್ತಿತ್ತು. ಅತ್ತೆಗೆ ಮೊಣಕಾಲು ಹಿಡಿದಿದ್ದವು. ಏಳಬೇಕೆಂದರೆ ಗೋಡೆಯ ಆಸರೆ ಬೇಕು, ಬೈಯಲು ಮಾತ್ರ ಯಾರ ಆಸರೆಯೂ ಬೇಡ. ಕುಳಿತಲ್ಲಿಂದಲೇ ಎಲ್ಲರನ್ನೂ ಕುಣಿಸುತ್ತಿದ್ದರು.

ಒಂದು ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮುಂಜಾನೆ ನಾನು ರೊಟ್ಟಿ ತಟ್ಟುತ್ತಿದ್ದೆ. ಊರ ಕಾವಲಿನ ವಾಲೀಕಾರ ಓಣಿಯುದ್ದಕ್ಕೂ ಚೀರುತ್ತ ಓಡಿಬಂದ: "ತೂಬಿನ ಕಡೆ ಏರಿ ಕುಸಿಯಾಕತ್ತೈತ್ರೀ! ದಿಬ್ಬಾ ಹತ್ರೀ!"

ಅತ್ತೆ ಒಂದೇ ಮಾತು ಹೇಳಿದರು: "ನಿಮ್ಮ ನಿಮ್ಮ ಪಾಲು ಹಿಡೀರಿ."

ಯಾರೂ ಗಡಿಬಿಡಿ ಮಾಡಲಿಲ್ಲ. ಮಾವ ಚೀಲ ಹೊತ್ತರು, ನಮ್ಮ ಮನೆಯವರು ದನ ಬಿಚ್ಚಿ ಹೊಡೆದುಕೊಂಡು ಹೋದರು, ನಾದಿನಿ ಅವರ ಬೆನ್ನಿಗೇ ಹೋದಳು. ನಾನು ಕೆಂಡ ತುಂಬಿ, ಬೂದಿ ಮುಚ್ಚಿ, ಗಡಿಗೆಯನ್ನು ಸೆರಗಿನಡಿ ಅವಚಿಕೊಂಡು ಹೊರಟೆ. ಬೆಂಕಿ ಹಿಡಿದವಳು ಓಡಲಾರಳಲ್ಲ, ಹಾಗಾಗಿ ಎಲ್ಲರಿಗಿಂತ ಹಿಂದೆ ಬಿದ್ದೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಕೆಂಪು ನೀರು ಮೊಣಕಾಲಿಗೆ ಬಂದಿತ್ತು. ಅಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಇಷ್ಟು ಹೊತ್ತಾದರೂ ನನ್ನನ್ನು ಯಾರೂ ಬೈದಿರಲಿಲ್ಲ!

ಅತ್ತೆ ಎಲ್ಲಿ? ಪ್ರತಿವರ್ಷ ಉಪ್ಪಿನ ಗಡಿಗೆಗೂ ಒಬ್ಬರನ್ನು ನೇಮಿಸುತ್ತಿದ್ದ ಹೆಂಗಸು ತನ್ನನ್ನು ಯಾರ ಪಾಲಿಗೂ ಹಾಕಿರಲಿಲ್ಲ. ನಾವೂ ಕೇಳಿರಲಿಲ್ಲ. ಅಭ್ಯಾಸದ ದಿನ ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು, ಇವತ್ತೂ ಹಾಗೆಯೇ ಬಿಟ್ಟು ಬಂದಿದ್ದೆವು. ಮುಂದೆ ಹೋದವರನ್ನು ಕೂಗಿದೆ, ಮಳೆಯಲ್ಲಿ ಯಾರಿಗೂ ಕೇಳಲಿಲ್ಲ. ಗಡಿಗೆ ಹಿಡಿದುಕೊಂಡೇ ತಿರುಗಿದೆ.

ಅತ್ತೆ ಪಡಸಾಲೆಯ ಕಂಬ ಹಿಡಿದು ನಿಂತಿದ್ದರು. ನೀರು ಅವರ ತೊಡೆಗೆ ಬಂದಿತ್ತು. ನನ್ನನ್ನು ಕಂಡದ್ದೇ ಕಣ್ಣು ಕೆಂಪಗೆ ಮಾಡಿದರು.

"ಬೆಂಕಿ ತಗೊಂಡ ಹೊಳ್ಳಿ ಬಂದ್ಯಲ್ಲ, ಬುದ್ಧಿ ಐತೇನ ನಿನಗ? ಮೊದಲ ಅದನ್ನ ಗುಡಿಗೆ ಮುಟ್ಟಿಸಿ ಬಾ. ನಾ ಇಲ್ಲೇ ನಿಂದರ್ತೇನಿ."

"ನೀರ ನಿಂದರ್ತೈತೇನ್ರಿ?" ಎಂದೆ.

ಆ ಹೊತ್ತಿಗೇ ದನದ ಕೊಟ್ಟಿಗೆಯ ಗೋಡೆ ದೊಪ್ಪೆಂದು ಕುಸಿಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ, ನಮ್ಮೆಲ್ಲರ ಮೇಲೋ, ಶಿವನಿಗೇ ಗೊತ್ತು. "ಹಾಳಾಗಿ ಹೋಗಲಿ ಇದು!" ಎಂದು ಗಡಿಗೆಯನ್ನು ನೀರಿಗೆ ಎಸೆದೆ. ಸುಂಯ್ ಎಂದಿತು, ಅಷ್ಟೇ. ನಾನು ಬೆನ್ನು ಕೊಟ್ಟು ಬಗ್ಗಿ, "ಹತ್ರಿ" ಎಂದೆ. ಹತ್ತಿದರು.

ಅತ್ತೆಯದು ಹಗುರ ಮೈಯಲ್ಲ. ದಿಬ್ಬದವರೆಗೂ ನನ್ನ ಕಿವಿಯಲ್ಲೇ ಬೈಯುತ್ತಿದ್ದರು, ಕೈ ಮಾತ್ರ ನನ್ನ ಕೊರಳನ್ನು ಬಿಗಿಯಾಗಿ ಹಿಡಿದಿದ್ದವು. ಗುಡಿಯ ಮುಂದೆ ಮಾವ ಸಾಮಾನು ಎಣಿಸಿ, "ಎಲ್ಲಾ ಬಂತು" ಎನ್ನುತ್ತಿದ್ದರು. ನಮ್ಮನ್ನು ಕಂಡು ಎಣಿಸುತ್ತಿದ್ದ ಕೈಯನ್ನು ಕೆಳಗಿಳಿಸಿದರು. ನಮ್ಮ ಮನೆಯವರು ಓಡಿಬಂದು ತಾಯಿಯನ್ನು ಇಳಿಸಿಕೊಂಡರು, ಮುಖ ಎತ್ತಲಿಲ್ಲ.

ನೀರು ಸಂಜೆಗೆಲ್ಲ ಇಳಿಯಿತು. ಮನೆ ನಿಂತಿತ್ತು, ಒಲೆ ಕರಗಿತ್ತು. ಪಕ್ಕದ ಮನೆಯಾಕೆಯಿಂದ ಕೆಂಡ ಇಸಿದುಕೊಂಡು ಹೊಸ ಒಲೆ ಹೊತ್ತಿಸಿದೆವು. ಅತ್ತೆ ಅತ್ತರು, ಆ ವಾರವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ. ಜೀವ ಉಳಿಸಿದವಳಿಗೆ ಇದೇ ಬಹುಮಾನವೇ ಎಂದುಕೊಂಡು ಪಾತ್ರೆಗಳನ್ನು ಧಡಧಡ ಕುಕ್ಕಿ ತೊಳೆದೆ.

ಮರುವರ್ಷ ಮಿರಗ ಬಂತು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಅತ್ತೆ ಪಾಲು ಹಂಚತೊಡಗಿದರು. ಕೆಂಡದ ಗಡಿಗೆ ನಾದಿನಿಯ ಪಾಲಿಗೆ ಹೋಯಿತು. ನನ್ನ ಮುಖ ಸಪ್ಪಗಾಯಿತು. ನಂಬಿಕೆ ಹೋಯಿತಲ್ಲ ಎಂದುಕೊಂಡೆ.

"ಮತ್ತ ಅತ್ತಿಗೆಮ್ಮಗ?" ಎಂದು ನಾದಿನಿಯೇ ಕೇಳಿದಳು.

ಅತ್ತೆ ಗೋಡೆ ಹಿಡಿದು ಎದ್ದರು. "ಆಕೀಗೆ ಬ್ಯಾರೆ ಏನೂ ಕೊಡಬ್ಯಾಡ್ರಿ. ಆಕಿ ಪಾಲಿಗೆ ನಾ ಅದೇನಿ."

ನನಗೆ ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ಆವತ್ತು ಊಟಕ್ಕೆ ಕುಳಿತಾಗ, ಸಾಕು ಸಾಕು ಅಂದರೂ ಕೇಳದೆ ಅತ್ತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟರು.

"ಸುಮ್ಮನ ತಿನ್ನು," ಎಂದರು, "ನನ್ನ ಹೊರಾಕಿ ನೀ, ನಾ ಏನ ಕಡಿಮಿ ವಜ್ಜಿ ಅದೇನೇನ?"