ಕತ್ತರಿ ತಾಗದ ಗುಂಗುರು ಕೂದಲು

ಬಣಕಲ್‌ನಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ದಿಬ್ಬ ಹತ್ತಬೇಕಿದ್ದ ಕಾಲ ಅದು. ಅಂಗಡಿಯಲ್ಲಿ ತಲೆಗೆಂದು ಸಿಗುತ್ತಿದ್ದದ್ದು ಕೊಬ್ಬರಿ ಎಣ್ಣೆ, ತೋರಣದಂತೆ ನೇತಾಡುತ್ತಿದ್ದ ಶಾಂಪೂ ಪ್ಯಾಕೆಟ್, ಒತ್ತೊತ್ತು ಹಲ್ಲಿನ ಪ್ಲಾಸ್ಟಿಕ್ ಬಾಚಣಿಗೆ, ಇಷ್ಟೇ. ನಮ್ಮ ಮನೆಗೆ ಅಷ್ಟು ಸಾಕಾಗಿತ್ತು. ಅಜ್ಜಿ, ಅಪ್ಪ, ಅಮ್ಮ, ನಾನು, ಎಲ್ಲರದೂ ಸೂರಿನಿಂದ ನೀರು ಇಳಿದ ಹಾಗೆ ನೇರ ಇಳಿಯುವ ಕೂದಲು. ಎಣ್ಣೆ ಹಚ್ಚಿ, ಬಾಚಿ, ಕಟ್ಟಿದರೆ ಮುಗಿಯಿತು. ಅಂಥ ಮನೆಯಲ್ಲಿ ನನ್ನ ತಮ್ಮ ಅಭಿ ತಲೆ ತುಂಬ ಗುಂಗುರು ಹೊತ್ತುಕೊಂಡು ಬೆಳೆದ.

ಹುಟ್ಟಿದಾಗ ಅವನ ತಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಕಿವಿಯ ಹಿಂದೆ ಒಂದು ಸುರುಳಿ ಕಾಣಿಸಿತು. ಓಡಾಡಲು ಕಲಿಯುವುದರೊಳಗೆ ಹಣೆ, ನೆತ್ತಿ, ಕುತ್ತಿಗೆ ಎಲ್ಲ ಕಡೆ ಸುರುಳಿ. ಎಳೆ ಎಷ್ಟು ನಯವೆಂದರೆ ಒಂದನ್ನು ಬೆರಳಿನಲ್ಲಿ ಹಿಡಿದರೆ ಹಿಡಿದಿದ್ದೇನೆಂದೇ ಅನ್ನಿಸುತ್ತಿರಲಿಲ್ಲ. ಬಿಸಿಲಿಗೆ ನಿಂತರೆ ತೆಳು ಡಿಕಾಕ್ಷನ್ನಿನ ಬಣ್ಣ.

"ಇದು ನಿಮ್ಮ ಕಡೆಯದ್ದು," ಎನ್ನುತ್ತಿದ್ದರು ಅಜ್ಜಿ.

"ನಮ್ಮ ಕಡೆ ಯಾರಿಗೂ ಇಲ್ಲ ಅತ್ತೆ," ಎನ್ನುತ್ತಿದ್ದಳು ಅಮ್ಮ.

"ಹಾಗಾದ್ರೆ ಆಸ್ಪತ್ರೇಲೇ ಅದಲುಬದಲಾಗಿರ್ಬೇಕು ಮಾರಾಯ್ತಿ," ಎಂದು ಅಪ್ಪ ನಡುವೆ ಬಾಯಿ ಹಾಕಿದರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಅವಳು ಮೂಡಿಗೆರೆಯ ಆಸ್ಪತ್ರೆಯಲ್ಲಿ ನರ್ಸ್. "ನಾನಿರೋ ಕಡೆ ಅಂಥದ್ದೆಲ್ಲ ಆಗಲ್ಲ," ಎಂದು ಮಾತು ಮುಗಿಸುತ್ತಿದ್ದಳು.

ಅಭಿ ದಿನ ತುಂಬುವ ಮೊದಲೇ ಹುಟ್ಟಿದವನು. ಆಗ ಅಜ್ಜಿ ಕಳಸದ ದೇವರಿಗೆ ಹರಕೆ ಹೊತ್ತಿದ್ದರು. ಮಗು ಉಳಿದರೆ ಅದರ ಹುಟ್ಟುಗೂದಲನ್ನು ಪೂರ್ತಿಯಾಗಿ ನಿನಗೇ ಕೊಡುತ್ತೇವೆ, ಜವಳದ ದಿನದವರೆಗೆ ಕತ್ತರಿ ತಾಗಿಸುವುದಿಲ್ಲ ಎಂದು. ಮಗು ಉಳಿಯಿತು. ಜವಳ ಅವನ ಮೂರನೆಯ ವರ್ಷದಲ್ಲಿ, ಬೇಸಿಗೆ ರಜೆ ಮುಗಿಯುವ ಮುಂಚೆ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಆ ಕೂದಲನ್ನು ಕಾಯಬೇಕಿತ್ತು. ಕಾಯುವುದು ಹೇಗೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ ನನ್ನ ತಲೆಯನ್ನು ಬಾಚುವ ಹಾಗೆಯೇ ಅವನದನ್ನೂ ಬಾಚುತ್ತಿದ್ದರು. ಒಣ ತಲೆ, ನೆತ್ತಿಯಿಂದ ಕೆಳಕ್ಕೆ, ಒಂದೇ ಎಳೆತ. ಅಭಿಯ ಕೂಗು ಹೆದ್ದಾರಿಯ ಆಚೆ ಬಸ್ಸಿಗೆ ನಿಂತವರಿಗೂ ಕೇಳುತ್ತಿತ್ತು. ಬಾಚದೆ ಬಿಟ್ಟರೆ ಎರಡೇ ದಿನಕ್ಕೆ ಹಿಂದಲೆಯಲ್ಲಿ ಸಿಕ್ಕು ಕಟ್ಟಿ ಕಂಬಳಿಯ ತುಂಡಿನಂತಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿ, "ಸಿಸ್ಟರ್, ಗೂಡಲ್ಲಿ ಮೊಟ್ಟೆ ಇಟ್ಟಿದೆಯಾ ಅಂತ ನೋಡಿದ್ರಾ?" ಎಂದುಬಿಟ್ಟರು. ಇಡೀ ಬಸ್ಸು ನಕ್ಕಿತು. ಅಮ್ಮ ನಗಲಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಹೇಳಿದಳು. "ಅತ್ತೆ, ನಿಮ್ಮ ಹರಕೆಗೆ ನಾನು ಅಡ್ಡ ಬರಲ್ಲ. ಆದ್ರೆ ಇನ್ನೊಂದು ಸಲ ಹೀಗೆ ಗಂಟಾದ್ರೆ ಅಷ್ಟು ಭಾಗ ಕತ್ತರಿಸಿಬಿಡ್ತೀನಿ. ಮಗು ದಿನಾ ಅಳೋದನ್ನ ನೋಡಕ್ಕಾಗಲ್ಲ."

ಅವಳ ಕೈಚೀಲದಲ್ಲಿ ಬ್ಯಾಂಡೇಜು ಕತ್ತರಿಸುವ ಮೊಂಡು ಮೂತಿಯ ಕತ್ತರಿ ಯಾವಾಗಲೂ ಇರುತ್ತಿತ್ತು. ಅನ್ನ ಕಲಸುತ್ತಿದ್ದ ಅಜ್ಜಿಯ ಕೈ ಹಾಗೇ ನಿಂತಿತು. ಅಭಿಯ ಪ್ರಾಣ ಆ ಕೂದಲಿನಲ್ಲೇ ಇದೆಯೆಂದು ಅವರು ನಂಬಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಗೊತ್ತಿತ್ತು.

ಮಾರನೆಯ ದಿನದಿಂದ ಅಭಿಯ ತಲೆಯನ್ನು ನಾನೇ ನೋಡಿಕೊಳ್ಳುತ್ತೇನೆಂದೆ. ಆಗ ನಾನು ಐದನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದೆ. ಯಾರೂ ಬೇಡ ಅನ್ನಲಿಲ್ಲ.

ಮೊದಲು ಕೆಲವು ದಿನ ಬರೀ ನೋಡಿದೆ. ಸಿಕ್ಕು ಎಲ್ಲ ಕಡೆ ಆಗುವುದಿಲ್ಲ, ದಿಂಬಿಗೆ ಉಜ್ಜುವ ಹಿಂದಲೆಯಲ್ಲೇ ಆಗುತ್ತದೆ ಎಂಬುದು ಗೊತ್ತಾಯಿತು. ಅಜ್ಜಿಯ ಹಳೇ ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದು ಪೆಟ್ಟಿಗೆಯಲ್ಲಿ ಬಿದ್ದಿತ್ತು. ಅದರ ಒಂದು ತುಂಡನ್ನು ಕೇಳಿ ಪಡೆದು ಅವನ ದಿಂಬಿಗೆ ಸುತ್ತಿದೆ. ಬೆಳಿಗ್ಗೆ ಸಿಕ್ಕು ಅರ್ಧಕ್ಕರ್ಧ ಕಡಿಮೆ. ಆಮೇಲೆ ಬಾಚಣಿಗೆ. ಅಂಗಡಿಯ ಬಾಚಣಿಗೆಯಲ್ಲಿ ಒಂದು ಹಲ್ಲು ಬಿಟ್ಟು ಒಂದನ್ನು ಇಕ್ಕಳದಿಂದ ಮುರಿದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು, "ಇದು ಬೊಚ್ಚು ಬಾಯಿ ಅಜ್ಜನ ಬಾಚಣಿಗೆಯಾ?" ಎಂದು ಕೇಳಿದರು.

ಒಣ ತಲೆಯನ್ನು ಮುಟ್ಟಬಾರದು. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಹಚ್ಚಿ, ಕೂದಲು ಒದ್ದೆಯಿರುವಾಗಲೇ ಬೆರಳಾಡಿಸಬೇಕು. ತುದಿಯಿಂದ ಶುರು ಮಾಡಬೇಕು. ತುದಿ ಬಿಡಿಸಿದ ಮೇಲೆ ಸ್ವಲ್ಪ ಮೇಲೆ, ಆಮೇಲೆ ಇನ್ನೂ ಸ್ವಲ್ಪ ಮೇಲೆ. ಕೊನೆಗೆ ಬಾಚಣಿಗೆ. ಒಣಗುವಾಗ ಟವೆಲಿನಿಂದ ತಿಕ್ಕಬಾರದು, ಅಪ್ಪನ ಹಳೇ ಬನಿಯನ್ನಿನಿಂದ ಒತ್ತಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಅಭಿಯ ಅಳು. ಅಳು ನಿಂತ ಕಡೆ ನಾನು ಮಾಡುತ್ತಿರುವುದು ಸರಿಯೆಂದು ತಿಳಿಯುತ್ತಿತ್ತು.

ತೋಟದಲ್ಲಿ ಕಾಫಿ ಹೂವು ಬಿಟ್ಟು ಬಾಡುವಷ್ಟರಲ್ಲಿ ಅವನೇ ಬನಿಯನ್ ಹಿಡಿದುಕೊಂಡು ಬಂದು ನನ್ನ ಮುಂದೆ ಕೂರತೊಡಗಿದ್ದ. "ಅಕ್ಕ, ಕೂಲು ಮಾಡು." ಕೂದಲು ಅನ್ನಲು ಅವನಿಗೆ ಬರುತ್ತಿರಲಿಲ್ಲ. ಒಣಗಿದ ಮೇಲೆ ಒಂದೊಂದು ಸುರುಳಿಯೂ ಬೇರೆಬೇರೆಯಾಗಿ ನಿಲ್ಲುತ್ತಿತ್ತು. ಆ ತಲೆಗೆ ಮೂಗಿಟ್ಟರೆ ಹಸಿ ಸೊಪ್ಪಿನ ವಾಸನೆ, ಅದರಡಿಯಲ್ಲಿ ಹಾಲಿನದ್ದು. ಕಂಡಕ್ಟರ್ ಕೂಡ ಸುಮ್ಮನಾದರು.

ಜವಳಕ್ಕೆ ಇನ್ನು ಒಂದು ವಾರವಿರಬೇಕು, ಅಜ್ಜಿ ಹಲಸಿನ ಹಪ್ಪಳಕ್ಕೆ ಕೈ ಹಾಕಿದರು. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿರುತ್ತದಲ್ಲ, ಬೀಜ ಒಣಗಿಸಿದ ಅದೇ ಕಣದಲ್ಲಿ ಮೇ ತಿಂಗಳು ಚಾಪೆ ಹಾಸಿ ಹಪ್ಪಳ ಒಣಗಿಸುವುದು ನಮ್ಮಲ್ಲಿ ರೂಢಿ. ಹಪ್ಪಳಕ್ಕೆ ಹಣ್ಣು ಆಗುವುದಿಲ್ಲ, ಬಲಿತ ಕಾಯಿಯೇ ಬೇಕು. ಬಲಿತ ಕಾಯಿಯಲ್ಲಿ ಮೇಣ ಜಾಸ್ತಿ. ಕತ್ತಿ ಹಾಕಿದ ಕಡೆಯೆಲ್ಲ ಬಿಳೀ ಹಾಲಿನಂತೆ ಒಸರಿ, ನೋಡನೋಡುತ್ತ ಅಂಟಾಗುತ್ತದೆ. ಅದಕ್ಕೇ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು. ಎಣ್ಣೆ ಆರಿದರೆ ಮತ್ತೆ ಸವರಬೇಕು.

ಅಮ್ಮ ಆಸ್ಪತ್ರೆಗೆ, ಅಪ್ಪ ತೋಟಕ್ಕೆ ಹೋಗಿದ್ದರು. ಜಗಲಿಯಲ್ಲಿ ಅಜ್ಜಿ ತೊಳೆ ಬಿಡಿಸುತ್ತಿದ್ದರು, ನಾನು ಬೀಜ ತೆಗೆಯುತ್ತಿದ್ದೆ. ನಿದ್ದೆಯಿಂದೆದ್ದ ಅಭಿ ಕಣ್ಣುಜ್ಜುತ್ತ ಬಂದು ಅಜ್ಜಿಯ ಬೆನ್ನಿಗೆ ಒರಗಿದ. ಅಜ್ಜಿ ಹಿಂತಿರುಗಿ ನೋಡಿದರು. ಸುರುಳಿಗಳೆಲ್ಲ ಎದ್ದುನಿಂತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದು, ಅವನು ಚೆನ್ನಾಗಿ ಕಾಣುತ್ತಿದ್ದ.

"ನನ್ನ ರಾಜ ಎದ್ನಾ," ಎಂದು ಅಜ್ಜಿ ಅವನ ತಲೆ ಸವರಿದರು.

ಆಮೇಲೆ ಅವರು ಅಲುಗಾಡಲಿಲ್ಲ.

"ಪುಟ್ಟೀ," ಎಂದರು ಬಹಳ ಮೆಲ್ಲಗೆ. "ಕೈ ಬರ್ತಿಲ್ಲ."

ಎಣ್ಣೆ ಯಾವಾಗಲೋ ಆರಿಹೋಗಿತ್ತು. ಅಂಗೈ ತುಂಬ ಮೇಣ. ಕೈಯನ್ನು ಕೊಂಚ ಎತ್ತಿದರೆ ಅಭಿಯ ಕೂದಲೂ ಅದರ ಜೊತೆಗೇ ಎದ್ದು ಬಂತು. ಕತ್ತರಿ ತಾಗಬಾರದೆಂದು ಎರಡು ವರ್ಷ ಕಾದವರ ಕೈಯೇ ಆ ತಲೆಗೆ ಅಂಟಿತ್ತು. ಅಜ್ಜಿಯ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಮೊದಲು ನೋಡಿರಲಿಲ್ಲ.

ಎಣ್ಣೆ ಬಟ್ಟಲನ್ನು ತಂದು, ಅಂಗೈಗೂ ಕೂದಲಿಗೂ ನಡುವೆ ತೊಟ್ಟುತೊಟ್ಟಾಗಿ ಬಿಟ್ಟು, ಮೊದಲು ಕೈಯನ್ನು ಬಿಡಿಸಿದೆ. ನೆತ್ತಿಯ ಎಡಕ್ಕೆ ನೆಲ್ಲಿಕಾಯಿ ಗಾತ್ರದ ಉಂಡೆ ಉಳಿಯಿತು.

"ಸೀಮೆಎಣ್ಣೆ ಹಾಕಿದ್ರೆ ಒಂದೇ ಸಲಕ್ಕೆ ಹೋಗುತ್ತೆ," ಎಂದು ಅಜ್ಜಿ ಎದ್ದರು. ಕತ್ತಿಗೆ ಅಂಟಿದ ಮೇಣವನ್ನು ನಮ್ಮಲ್ಲಿ ಹಾಗೇ ತೆಗೆಯುವುದು.

"ಮಗು ತಲೆಗೆ ಸೀಮೆಎಣ್ಣೆನಾ ಅಜ್ಜಿ? ಕೂತ್ಕೊಳ್ಳಿ. ಎಣ್ಣೆ ಬಿಸಿ ಮಾಡಿ ಕೊಡಿ, ಸಾಕು."

ಅಜ್ಜಿಗೆ ಕೂತ್ಕೊಳ್ಳಿ ಎಂದು ನಾನು ಹೇಳಿದ್ದು ಅದೇ ಮೊದಲು. ಅವರು ಕೂತುಕೊಂಡರು.

ಕಷ್ಟವಿದ್ದದ್ದು ಅಭಿಯನ್ನು ಅಲುಗಾಡದಂತೆ ಕೂರಿಸುವುದರಲ್ಲಿ. ಅವನ ಮುಂದೆ ಎರಡು ಲೋಟ, ಒಂದು ಚೊಂಬು ನೀರು ಇಟ್ಟೆ. ಅಪ್ಪ ಕಾಫಿ ಆರಿಸುವುದನ್ನು ನೋಡಿ ನೋಡಿ ಅವನಿಗೆ ಆ ಆಟ ಇಷ್ಟ. ಒಂದರಿಂದ ಇನ್ನೊಂದಕ್ಕೆ ಸುರಿದು ಸುರಿದು, ಅರ್ಧ ಚಡ್ಡಿಗೆ ಚೆಲ್ಲಿಕೊಂಡು, ಲೋಟವನ್ನು ನನ್ನ ಬಾಯಿಗೆ ತರುತ್ತಿದ್ದ.

"ಅಕ್ಕ, ಕಾಪಿ. ಕುಡಿ."

ಕೈಯಲ್ಲಿ ಎಣ್ಣೆ. ಲೋಟ ಮುಟ್ಟದೆ ಬಾಯಿಯಲ್ಲೇ ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ," ಎಂದೆ.

ಅವನಿಗೆ ಅದೇ ಬೇಕಿತ್ತು. ಬೆರಳಿನಿಂದ ಇಲ್ಲದ ಸಕ್ಕರೆಯನ್ನು ಹಾಕಿ, ಕಲಸಿ, ಈ ಸಲ ಅಜ್ಜಿಗೆ ಕೊಟ್ಟ.

"ಥೂ, ಸಕ್ಕರೆ ಕಮ್ಮಿ," ಎಂದರು ಅಜ್ಜಿ. ಅವರ ಕಣ್ಣಲ್ಲಿ ನೀರಿತ್ತು.

ಹಾಗೆ ಆ ಮಧ್ಯಾಹ್ನವಿಡೀ ನಾವಿಬ್ಬರೂ ಸಕ್ಕರೆ ಕಮ್ಮಿಯ ಕಾಫಿ ಕುಡಿದೆವು. ಉಂಡೆಯ ಹೊರಗಿನ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಬಿಡಿಸಿದ ಎಳೆಗೆ ಮತ್ತೆ ಅಂಟದಂತೆ ಎಣ್ಣೆ ಸವರಿ ಆ ಕಡೆ ಇಡುವುದು, ಮುಂದಿನದ್ದಕ್ಕೆ ಹೋಗುವುದು. ಚಾಪೆಯ ಮೇಲೆ ತೊಳೆಗಳು ಒಣಗಿ ಕಂದಿದವು. ಅಜ್ಜಿ ಅತ್ತ ನೋಡಲೂ ಇಲ್ಲ.

ಬುಡದ ಹತ್ತಿರ ಕಡಲೆ ಬೀಜದಷ್ಟು ಇನ್ನೂ ಉಳಿದಿತ್ತು. ಅಲ್ಲಿ ಬೆರಳು ತಾಗಿದರೆ ಸಾಕು, ಅಭಿ ತಲೆ ಕೊಸರುತ್ತಿದ್ದ. ಅಷ್ಟರಲ್ಲಿ ಸಂಜೆಯ ಬಸ್ಸು ನಿಂತು ಹೊರಟ ಸದ್ದಾಯಿತು. ಅಮ್ಮ ಜಗಲಿ ಹತ್ತುವಾಗಲೇ ಮೂಗು ಅರಳಿಸಿದಳು.

"ಏನಿದು, ಇಡೀ ಮನೆಗೆ ಎಣ್ಣೆ ಸ್ನಾನನಾ?"

"ಅಜ್ಜಿ ಕೈ ಅಂಟ್ತು," ಎಂದು ಅಭಿ ವರದಿ ಒಪ್ಪಿಸಿದ.

ಅಮ್ಮ ಚೀಲ ಇಳಿಸಿ ಅವನ ತಲೆ ನೋಡಿದಳು. ಅಜ್ಜಿ ಗೋಡೆ ಹಿಡಿದು ಎದ್ದುನಿಂತರು.

"ಕತ್ತರಿ ತೆಗಿ ಸುಮಿತ್ರಾ," ಎಂದರು. "ಹರಕೆ ಹೊತ್ತಿದ್ದು ನಾನು, ಕೆಡಿಸಿದ್ದೂ ನಾನೇ. ಮಗು ಮಧ್ಯಾಹ್ನದಿಂದ ಕೂತಿದೆ. ಇನ್ನು ನೋಯಿಸೋದು ಬೇಡ. ದೇವರ ಹತ್ರ ನಾನು ಮಾತಾಡ್ಕೊಳ್ತೀನಿ."

ಅಮ್ಮ ಕತ್ತರಿಯನ್ನು ಹೊರಗೆ ತೆಗೆದಳು. ನನ್ನ ಕೈ ಅಭಿಯ ತಲೆಯ ಮೇಲೇ ಇತ್ತು, ತೆಗೆಯಲಿಲ್ಲ. ಅಮ್ಮ ಬಗ್ಗಿ, ಆಸ್ಪತ್ರೆಯಲ್ಲಿ ಗಾಯ ನೋಡುವ ಹಾಗೆ, ಸುತ್ತಲಿನ ಕೂದಲನ್ನು ಸರಿಸಿ ನೋಡಿದಳು. ಒಂದು ಸಲ ಅಜ್ಜಿಯ ಕಡೆ ನೋಡಿದಳು. ಅಜ್ಜಿಯ ಅಂಗೈಯಲ್ಲಿ ಮೇಣ ಇನ್ನೂ ಹಾಗೇ ಕರೆಗಟ್ಟಿತ್ತು. ತಮ್ಮ ಕೈ ತೊಳೆದುಕೊಳ್ಳಲು ಅವರಿಗೆ ನೆನಪಾಗಿರಲಿಲ್ಲ.

"ಚರ್ಮಕ್ಕೇನೂ ಆಗಿಲ್ಲ," ಎಂದಳು ಅಮ್ಮ. ಕತ್ತರಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಅತ್ತೆ, ಇನ್ನೊಂಚೂರು ಎಣ್ಣೆ ಬಿಸಿ ಮಾಡ್ಕೊಂಡು ಬನ್ನಿ. ಪುಟ್ಟಿ, ನೀನು ಹೇಗೆ ಮಾಡ್ತಿದ್ಯೋ ಹಾಗೇ ಮಾಡು. ನಾನು ಬುಡ ಗಟ್ಟಿ ಹಿಡ್ಕೊಳ್ತೀನಿ, ಆಗ ಅವನಿಗೆ ಎಳೆತ ಗೊತ್ತಾಗಲ್ಲ."

ಅದೊಂದು ನನಗೆ ಹೊಳೆದಿರಲಿಲ್ಲ. ಬುಡ ಹಿಡಿದರೆ ನೋಯುವುದಿಲ್ಲ. ಅಮ್ಮನ ಬೆರಳಿನ ಪಕ್ಕ ನನ್ನ ಬೆರಳು, ಮೇಲಿನಿಂದ ತೊಟ್ಟುತೊಟ್ಟಾಗಿ ಅಜ್ಜಿ ಬಿಡುತ್ತಿದ್ದ ಎಣ್ಣೆ. ಕೊನೆಗೆ ಆ ಬೀಜದಷ್ಟು ಮೇಣ ಹಾಗೇ ಇಡಿಯಾಗಿ ಜಾರಿ ನನ್ನ ಉಗುರಿಗೆ ಬಂತು. ಅದರಲ್ಲಿ ಒಂದು ಕೂದಲೂ ಇರಲಿಲ್ಲ. ಅಭಿ ಅಮ್ಮನಿಗೂ ಲೋಟ ಕೊಟ್ಟ. ಅವಳಿಗೆ ಆಟ ಗೊತ್ತಿಲ್ಲ, "ಚೆನ್ನಾಗಿದೆ ಕಂದ," ಎಂದಳು. ನಾನೂ ಅಜ್ಜಿಯೂ ಒಟ್ಟಿಗೇ ನಕ್ಕೆವು.

ಕೊಟ್ಟಿಗೆಹಾರದ ಮೇಲೆ ಬಸ್ಸಿನಲ್ಲಿ ಕಳಸಕ್ಕೆ ಹೋದೆವು. ಅಮ್ಮನ ಅಣ್ಣ, ನಮ್ಮ ಮಾವ, ಅಭಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕೂದಲನ್ನು ನೆಲಕ್ಕೆ ಬೀಳಿಸದೆ ಹಿಡಿಯಲು ಬಟ್ಟೆ ಬೇಕಾದಾಗ ಅಜ್ಜಿ ಚೀಲದಿಂದ ತೆಗೆದದ್ದು ದಿಂಬಿಗೆ ಸುತ್ತಿದ್ದ ಅದೇ ರೇಷ್ಮೆಯ ತುಂಡು. "ನೀನೇ ಹಿಡಿ," ಎಂದು ನನ್ನ ಕೈಗೆ ಕೊಟ್ಟರು. ಕ್ಷೌರ ಮಾಡುವವರು ತಲೆಗೆ ನೀರು ತಟ್ಟಿ, ಬೆರಳಾಡಿಸಿ, "ಗುಂಗುರು ಕೂದಲು, ಒಂದು ಸಿಕ್ಕೂ ಇಲ್ವಲ್ಲ," ಎಂದರು. ಅಜ್ಜಿ ನನ್ನ ಕಡೆ ನೋಡಿದರು. ನಾನು ಬಟ್ಟೆಯನ್ನೇ ನೋಡುತ್ತಿದ್ದೆ. ಒಂದೊಂದಾಗಿ ಸುರುಳಿಗಳು ಅದರೊಳಗೆ ಬಿದ್ದವು. ತೂಕವೇ ಇರಲಿಲ್ಲ. ಹೋಗುತ್ತದೆ ಎಂದು ಗೊತ್ತಿದ್ದೇ ಕಾಪಾಡಿದ್ದು, ಆದ್ದರಿಂದ ಅಳು ಬರಲಿಲ್ಲ. ಪೂಜೆಯಾದ ಮೇಲೆ ಅಜ್ಜಿ ಅದನ್ನು ಗಂಟು ಕಟ್ಟಿ ಭದ್ರೆಗೆ ಬಿಟ್ಟರು.

ವಾಪಸು ಬರುವಾಗ ಅಭಿ ಗಂಧ ಹಚ್ಚಿದ ಬೋಳು ತಲೆಯನ್ನು ಎರಡೂ ಕೈಯಲ್ಲಿ ತಡಕಿದ.

"ಅಕ್ಕ, ಕೂಲು ಎಲ್ಲಿ?"

"ದೇವರ ಹತ್ರ ಇದೆ."

"ಯಾವಾಗ ಕೊಡ್ತಾರೆ?"

ದೇವರು ಕೊಟ್ಟರು, ಆದರೆ ಅದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ತಲೆಯಲ್ಲಿ ಬಂದದ್ದು ನಮ್ಮೆಲ್ಲರಂಥದೇ ನೇರ ಕೂದಲು. ಹಲ್ಲು ಮುರಿದ ಬಾಚಣಿಗೆ ಯಾರಿಗೂ ಬೇಡವಾಗಿ ಎಲ್ಲೋ ಹೋಯಿತು.

ಈಗ ಅಭಿ ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಾನೆ. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಹಪ್ಪಳ ಮಾಡಿಲ್ಲ. ಪ್ಯಾಕೆಟ್ಟಿನಲ್ಲಿ ತರುತ್ತೇವೆ. ಹಲಸಿನ ಕಾಯಿ ಮರದಲ್ಲೇ ಹಣ್ಣಾಗಿ ಬೀಳುತ್ತದೆ. ಕಣದಲ್ಲಿ ಕಾರು ನಿಲ್ಲಿಸುತ್ತೇವೆ.

ಕಳೆದ ಸಲ ರಜೆಗೆ ನಾನು ಊರಿಗೆ ಹೋದಾಗ ಅವನೂ ಬಂದಿದ್ದ. ತಲೆ ತುಂಬ ಗುಂಗುರು. ಸಲೂನಿನಲ್ಲಿ ಅರ್ಧ ದಿನ ಕುಳಿತು, ಏನೇನೋ ಔಷಧಿ ಹಚ್ಚಿಸಿಕೊಂಡು ಮಾಡಿಸಿದ್ದಂತೆ. ಈಗಿನ ಹುಡುಗರಿಗೆಲ್ಲ ಅದು ಬೇಕು. ಹಿಂದಲೆಯಲ್ಲಿ ಆಗಲೇ ಸಿಕ್ಕು ಕಟ್ಟಿತ್ತು. ಕಾಫಿ ಲೋಟ ಹಿಡಿದುಕೊಂಡೇ ಫೋನಿನಲ್ಲಿ ಅದಕ್ಕೇನು ಮಾಡಬೇಕೆಂಬ ವಿಡಿಯೋ ಹುಡುಕುತ್ತಿದ್ದ.

"ಫೋನು ಆ ಕಡೆ ಇಟ್ಟು ಕೂತ್ಕೋ," ಎಂದೆ.

ಜಗಲಿಯಲ್ಲಿ ನನ್ನ ಕಾಲ ಬಳಿ ಕುಳಿತ. ಕೂದಲಿಗೆ ನೀರು ತಟ್ಟಿ, ಬುಡ ಹಿಡಿದು, ತುದಿಯಿಂದ ಶುರು ಮಾಡಿದೆ. ಎಳೆ ಒರಟು, ಸ್ವಲ್ಪ ಸುಟ್ಟ ವಾಸನೆ. ಆದರೂ ಬೆರಳಿಗೆ ದಾರಿ ಮರೆತಿರಲಿಲ್ಲ.

"ನೋವೇ ಆಗ್ತಿಲ್ವಲ್ಲ ಅಕ್ಕ! ನಿಂದು ಸ್ಟ್ರೇಟ್ ಹೇರು. ನಿಂಗೆ ಇದೆಲ್ಲ ಹೇಗೆ ಗೊತ್ತು?"

"ಗೊತ್ತು."

ಅವನು ತನ್ನ ಲೋಟವನ್ನು ಹಿಂದಕ್ಕೆ ಚಾಚಿದ. "ಕುಡಿ, ತಣ್ಣಗಾಗುತ್ತೆ."

ಕೈ ಒದ್ದೆ. ಬಾಯಿಯಲ್ಲೇ ಒಂದು ಗುಟುಕು ಕುಡಿದೆ.

"ಸಕ್ಕರೆ ಕಮ್ಮಿ," ಎಂದೆ.

"ಸರಿಯಾಗೇ ಇದೆಯಲ್ಲ!" ಎಂದು ಅವನು ಲೋಟದೊಳಗೆ ಇಣುಕಿದ. ನನ್ನ ಜೊತೆ ನಗುವುದಕ್ಕೆ ಅಜ್ಜಿ ಇರಲಿಲ್ಲ. ಮುಂದಿನ ಸುರುಳಿಯ ತುದಿಯನ್ನು ಹಿಡಿದೆ.