ಗಟಾರ ಬಂದರೆ ಗದಗ ಬಂತು

“ತಮ್ಮಾ, ಗಟಾರ ಎಲ್ಲಿ ಹೋತೋ? ನಾ ಅಲ್ಲೇ ಇಳೀಬೇಕಿತ್ತು!”

ಗದಗ ಬಸ್ ನಿಲ್ದಾಣದಲ್ಲಿ ಥಟ್ಟನೆ ಕಣ್ಣುಬಿಟ್ಟ ಅಜ್ಜಿ ಕಂಡಕ್ಟರನ್ನು ಗಾಬರಿಯಿಂದ ಕೇಳಿದರು. ಅಡರಕಟ್ಟಿಯಲ್ಲಿ ಹತ್ತಿ ನನ್ನ ಪಕ್ಕ ಕುಳಿತವರು. ಅವರ ಮಗಳ ಮನೆ ಗದಗಿನಲ್ಲಿ, ನಿಲ್ದಾಣಕ್ಕಿಂತ ಮೊದಲೇ ಸಿಗುವ ದೊಡ್ಡ ಚರಂಡಿಯ ಹತ್ತಿರ. ಅದರ ನಾತ ಮೂಗಿಗೆ ಬಡಿದರೆ ತಾನಾಗಿಯೇ ಎಚ್ಚರವಾಗುತ್ತದೆಂದು ಪ್ರತಿ ಸಲ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಿದ್ದರಂತೆ.

ಕಂಡಕ್ಟರ್ ನಕ್ಕರು. “ಗಟಾರ ಅಲ್ಲೇ ಐತಿ ಬೇ. ಹೋದ ವಾರ ಹೂಳು ತಗದು ಸ್ವಚ್ಛ ಮಾಡ್ಯಾರ. ಇನ್ನ ಮ್ಯಾಲೆ ನನಗ ಹೇಳಿ ಮಲಕೋ, ನಾನ ಎಬ್ಬಸ್ತೀನಿ.”

ಅಜ್ಜಿಯೂ ಬೊಚ್ಚುಬಾಯಿ ತೆರೆದು ನಕ್ಕರು.

ನಾನೂ ಬಾಯ್ತುಂಬ ನಗಲು ಹೋದೆ. ಆಗಲೇ ಗೊತ್ತಾಗಿದ್ದು: ಚರಂಡಿ ಬರುವ ಮೊದಲೇ ಅಭ್ಯಾಸಬಲದಿಂದ ಮೂಗಿಗೆ ಹಿಡಿದ ಸೆರಗನ್ನು ನಾನಿನ್ನೂ ಕೆಳಗಿಳಿಸಿಯೇ ಇರಲಿಲ್ಲ.